1,480 ಕೋಟಿ ಅನ್ನೂದು ಆ ಹುಡುಗನ ಕಿಮ್ಮತ್ತಲ್ಲ

2025ರ ಸೆಪ್ಟೆಂಬರ್ 1, ಸೋಮವಾರ ರಾತ್ರಿ. ಹುಬ್ಬಳ್ಳಿ ವಿದ್ಯಾನಗರದಾಗ ನಮ್ಮಕ್ಕನ ಮನ್ಯಾಗ ಎಲ್ಲಾರ್ದೂ ಊಟ ಮುಗದಿತ್ತು, ಅಕ್ಕನ ಮಗ ಮಾತ್ರ ತಾಟು ಬಾಜೂಕ ಸರಿಸಿ ಮೊಬೈಲ್ ಹಿಡ್ಕೊಂಡು ಕುಂತಿದ್ದ, ಯಾಕಂದ್ರ ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ಬುಗಳು ಆಟಗಾರರನ್ನ ಕೊಳ್ಳೂ ಮಾರೂ ಅವಧಿ, ಟ್ರಾನ್ಸ್‌ಫರ್ ವಿಂಡೋ ಅಂತಾರಲ್ಲ ಅದು, ನಮ್ಮ ಟೈಮ್ ಪ್ರಕಾರ ಹನ್ನೊಂದೂವರೆಗೆ ಮುಚ್ಚೂದಿತ್ತು, ಅವಂಗ ಲಿವರ್‌ಪೂಲ್ ಕ್ಲಬ್ ಅಂದ್ರ ಜೀವ. ಅಲೆಕ್ಸಾಂಡರ್ ಇಸಾಕ್ ಅನ್ನೂ ಸ್ಟ್ರೈಕರ್ ನ್ಯೂಕ್ಯಾಸಲ್ ಕ್ಲಬ್ ಬಿಟ್ಟು ಲಿವರ್‌ಪೂಲಿಗೆ ಬರೂದು ಪಕ್ಕಾ ಅಂತ ಗೊತ್ತಾದ ಕೂಡ್ಲೇ ಜಿಗದಾಡಿದ, ಆಮ್ಯಾಲ ರೇಟ್ ನೋಡಿ ಸುಮ್ಮನಾದ. 12.5 ಕೋಟಿ ಪೌಂಡ್. ನಮ್ಮ ರೂಪಾಯಿ ಲೆಕ್ಕದಾಗ ಸುಮಾರು 1,480 ಕೋಟಿ. "ಮಾಮಾ, ಒಬ್ಬ ಮನಷ್ಯಾಗ ಇಷ್ಟ ರೊಕ್ಕ ಕೊಡ್ತಾರೇನು, ಇದು ನಾಚಿಗೇಡು ಅನ್ನಸೂದಿಲ್ಲೇನು ನಿನಗ?" ಅಂದ.

ನಾ ಬಾಯಿ ತಗಿಯೂದ್ರಾಗ ಮೂಲ್ಯಾಗ ಕುಂತಿದ್ದ ನಮ್ಮಪ್ಪ ಕೇಳಿದ್ರು, "ಮಾರಿದವ್ರಿಗೆ ಮಾರೂ ಜರೂರತ್ ಇತ್ತೇನು?"

ನಮ್ಮಪ್ಪಗ ಫುಟ್‌ಬಾಲ್ ಗೊತ್ತಿಲ್ಲ, ಆದ್ರ ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್ನ್ಯಾಗ ಒಂದು ದಲಾಲಿ ಅಂಗಡ್ಯಾಗ ಮೂವತ್ತ ವರ್ಷ ಲೆಕ್ಕ ಬರದವ್ರು, ಯಾವ ಮಾಲಿಗೆ ಯಾಕ ಯಾವ ರೇಟ್ ಬಿತ್ತು ಅಂತ ನೋಡಿ ನೋಡಿ ಕಣ್ಣು ಪಳಗ್ಯಾವ. ಟ್ರಾನ್ಸ್‌ಫರ್ ಫೀ ಬಗ್ಗೆ ನಾ ಹತ್ತ ವರ್ಷ ಓದಿ ತಿಳ್ಕೊಂಡಿದ್ದನ್ನ ಅವ್ರು ಒಂದ ಪ್ರಶ್ನ್ಯಾಗ ಕೇಳಿಬಿಟ್ರು. ಅವತ್ತು ರಾತ್ರಿ ಒಂದೂವರೆ ತನಕಾ ಮೂರೂ ಮಂದಿ ಇದನ್ನ ಮಾತಾಡಿದ್ವಿ, ಅದನ್ನ ಇಲ್ಲಿ ಬರಿಯಾಕತ್ತೇನಿ, ಯಾಕಂದ್ರ ನಮ್ಮ ಹುಡುಗ್ರು ದಿನಾ ಈ ರೊಕ್ಕದ ಲೆಕ್ಕ ಇಟ್ಕೊಂಡು ಆಟಗಾರರನ್ನ ಬಾಯಿಗೆ ಬಂದಂಗ ಬೈತಾರ, ಅದು ನನಗ ಭಾಳ ಸಂಕಟ ಅನ್ನಸ್ತೈತಿ.

ಮೊದಲ ಒಂದು ಗೊಂದಲ ಬಗೆಹರಸ್ಕೋಬೇಕು. ನಾವೆಲ್ಲಾ ಐಪಿಎಲ್ ಹರಾಜು ನೋಡಿ ಬೆಳದವ್ರು, ಹಂಗಾಗಿ ಟ್ರಾನ್ಸ್‌ಫರ್ ಅಂದ್ರ ಅದೂ ಹಂಗ ಅಂತ ತಿಳ್ಕೋತೇವಿ. 2024ರ ನವೆಂಬರದಾಗ ರಿಷಭ್ ಪಂತ್‌ಗ ಲಖನೌದವ್ರು 27 ಕೋಟಿ ಕೊಟ್ರಲ್ಲ, ಅದು ಪಂತ್‌ನ ಪಗಾರ, ಅವನ ಖಾತೆಗೆ ಬರೂ ರೊಕ್ಕ, ಮತ್ತ ಅವತ್ತು ಹರಾಜಿನ್ಯಾಗ ಎಲ್ಲಾ ತಂಡಕ್ಕೂ 120 ಕೋಟಿ ಅಂತ ಒಂದ ಮಿತಿ ಇತ್ತು. ಫುಟ್‌ಬಾಲಿನ್ಯಾಗ ಟ್ರಾನ್ಸ್‌ಫರ್ ಫೀ ಆಟಗಾರಗ ಹೋಗೂದಿಲ್ಲ. ಅದು ಒಂದು ಕ್ಲಬ್ ಇನ್ನೊಂದು ಕ್ಲಬ್ಬಿಗೆ ಕೊಡೂ ಪರಿಹಾರ. ಆಟಗಾರನ ಪಗಾರ ಬ್ಯಾರೆ, ಸೈನ್ ಮಾಡಿದ್ದಕ್ಕ ಬೋನಸ್ ಬ್ಯಾರೆ, ಏಜೆಂಟನ ದಲಾಲಿ ಬ್ಯಾರೆ. ಇಸಾಕನ 12.5 ಕೋಟಿ ಪೌಂಡ್ ಹೋಗಿದ್ದು ನ್ಯೂಕ್ಯಾಸಲ್ಲಿಗೆ. ಹಂಗಾದ್ರ ನ್ಯೂಕ್ಯಾಸಲ್ ಮಾರಿದ್ದು ಏನು? ಮನಷ್ಯಾನ್ನಂತೂ ಮಾರಾಕ ಬರೂದಿಲ್ಲ. ಅವ ನಮ್ಮ ಕಡೆ ಇನ್ನೂ ಇಷ್ಟ ವರ್ಷ ಆಡ್ತೇನಿ ಅಂತ ಬರಕೊಟ್ಟ ಕಾಂಟ್ರ್ಯಾಕ್ಟ್ ಐತಲ್ಲ, ಅದರಾಗ ಉಳದ ವರ್ಷಗಳನ್ನ ಅವ್ರು ಬಿಟ್ಕೊಟ್ರು, ಅದಕ್ಕ ರೊಕ್ಕ ತಗೊಂಡ್ರು. ಇಷ್ಟ ಮನಸ್ಸಿಗೆ ಕುಂತ್ರ ಮುಂದಿಂದು ಅರ್ಧ ಸಲೀಸು.

ಮೊದಲ ಹಿಂಗಿರಲಿಲ್ಲ. 1905ರಾಗ ಆಲ್ಫ್ ಕಾಮನ್ ಅನ್ನಾವ ಸಂಡರ್‌ಲ್ಯಾಂಡಿಂದ ಮಿಡಲ್ಸ್‌ಬ್ರೋಕ್ಕ 1,000 ಪೌಂಡಿಗೆ ಹೋದಾಗ ಮಂದಿ ಅವತ್ತೂ ಇದು ವಿಪರೀತ ಆತು ಅಂದಿದ್ರು, 1979ರಾಗ ಟ್ರೆವರ್ ಫ್ರಾನ್ಸಿಸ್ ಬರ್ಮಿಂಗ್‌ಹ್ಯಾಮಿಂದ ನಾಟಿಂಗ್‌ಹ್ಯಾಮ್ ಫಾರೆಸ್ಟಿಗೆ ಹೋದಾಗ ಬ್ರಿಟನ್ನಿನ್ಯಾಗ ಮೊದಲ ಸಲ ರೇಟ್ 10 ಲಕ್ಷ ಪೌಂಡ್ ಮುಟ್ತು. ಆ ಕಾಲದಾಗ ಕಾಂಟ್ರ್ಯಾಕ್ಟ್ ಮುಗದ ಮ್ಯಾಲೂ ಆಟಗಾರನ ಜುಟ್ಟು ಕ್ಲಬ್ಬಿನ ಕೈಯಾಗ ಇರ್ತಿತ್ತು. ಬೆಲ್ಜಿಯಂನ ಜಾನ್-ಮಾರ್ಕ್ ಬೋಸ್ಮನ್ ಅನ್ನೂ ಸಾಧಾರಣ ಆಟಗಾರ, 1990ರಾಗ ಲೀಜ್ ಅನ್ನೂ ಕ್ಲಬ್ಬಿನ ಜೋಡಿ ಅವನ ಕರಾರು ಮುಗೀತು, ಫ್ರಾನ್ಸಿನ ಡಂಕರ್ಕ್ ಕ್ಲಬ್ಬಿಗೆ ಹೊಂಟಿದ್ದ, ಲೀಜ್‌ನವ್ರು ರೊಕ್ಕ ಕೊಟ್ರಷ್ಟ ಬಿಡ್ತೇವಿ ಅಂದ್ರು, ಅವ ಕೋರ್ಟಿಗೆ ಹೋದ, ಐದ್ ವರ್ಷ ಓಡಾಡಿದ, 1995ರ ಡಿಸೆಂಬರ್ 15ಕ್ಕ ಯುರೋಪಿನ ನ್ಯಾಯಾಲಯ ಅವನ ಪರ ತೀರ್ಪು ಕೊಡ್ತು. ಕರಾರು ಮುಗದ ಆಟಗಾರ ಯುರೋಪಿಯನ್ ಒಕ್ಕೂಟದ ಒಳಗ ಯಾವ ಕ್ಲಬ್ಬಿಗಾದ್ರೂ ಪುಕ್ಕಟೆ ಹೋಗಬಹುದು ಅಂತ. ಅದೇ ತೀರ್ಪಿನ್ಯಾಗ ಒಕ್ಕೂಟದ ಬ್ಯಾರೆ ದೇಶದವ್ರು ತಂಡದಾಗ ಇಷ್ಟ ಮಂದಿ ಇರಬೇಕು ಅನ್ನೂ ಮಿತಿನೂ ಹಾರಿಹೋತು. ಆ ಮನಷ್ಯಾಂದ ಆಟದ ಜೀವನ ಕೋರ್ಟಿನ್ಯಾಗ ಕರಗಿಹೋತು, ಲಾಭ ಆಗಿದ್ದು ಅವನ ಹಿಂದ ಬಂದವ್ರಿಗೆ. ಇವತ್ತು ಕೋಟಿ ಗಳಿಸೂ ಎಲ್ಲಾ ಆಟಗಾರರೂ ಅವನ ಋಣದಾಗ ಅದಾರ ಅಂತ ನಾ ಅಂತೇನಿ.

ಈ ತೀರ್ಪಿನಿಂದ ಕಾಂಟ್ರ್ಯಾಕ್ಟಿನ್ಯಾಗ ಉಳದ ವರ್ಷಾನ ಎಲ್ಲಾ ಆತು. 2025ರ ಅದೇ ಬೇಸಿಗ್ಯಾಗ ನಡದ ಎರಡು ವ್ಯವಹಾರ ಬಾಜೂಕ ಬಾಜೂಕ ಇಟ್ಟು ನೋಡ್ರಿ. ಟ್ರೆಂಟ್ ಅಲೆಕ್ಸಾಂಡರ್-ಅರ್ನಾಲ್ಡ್, ಆರು ವರ್ಷದ ಕೂಸಿದ್ದಾಗಿಂದ ಲಿವರ್‌ಪೂಲಿನ್ಯಾಗ ಬೆಳದಾವ, ಜಗತ್ತಿನ ದೊಡ್ಡ ಡಿಫೆಂಡರ್‌ಗಳೊಳಗ ಒಬ್ಬ, ಅವನ ಕರಾರು ಜೂನ್ 30ಕ್ಕ ಮುಗಿಯೂದಿತ್ತು, ಕ್ಲಬ್ ವರ್ಲ್ಡ್ ಕಪ್ ಆಡಸ್ಬೇಕಂತ ಒಂದ ತಿಂಗಳ ಮೊದಲ ಬಿಡಸ್ಕೊಳ್ಳಾಕ ರಿಯಲ್ ಮ್ಯಾಡ್ರಿಡ್ ಸುಮಾರು 1 ಕೋಟಿ ಯೂರೋ ಕೊಡ್ತು, ಅಷ್ಟ. ಇಸಾಕಂದು 2028ರ ತನಕಾ ಕರಾರಿತ್ತು, 12.5 ಕೋಟಿ ಪೌಂಡ್ ಆತು. ಆಟದಾಗ ಇಸಾಕಗಿಂತ ಟ್ರೆಂಟ್ ಹತ್ತ ಪಟ್ಟು ಕಡಿಮಿ ಅಂತ ಯಾರಾದ್ರೂ ಹೇಳ್ತಾರೇನು? ಫ್ರಾನ್ಸಿನ ಸ್ಟ್ರೈಕರ್ ಎಂಬಾಪೆನೂ ಹಂಗ, ಪ್ಯಾರಿಸಿನ ಪಿಎಸ್‌ಜಿ ಕ್ಲಬ್ಬಿನವ್ರು 18 ಕೋಟಿ ಯೂರೋ ಕೊಟ್ಟು ತಂದಿದ್ರು, 2024ರಾಗ ಕರಾರು ಮುಗೀತು, ರಿಯಲ್ ಮ್ಯಾಡ್ರಿಡ್‌ಗ ಹಂಗ ಎದ್ದು ಹೋದ, ಪಿಎಸ್‌ಜಿಗೆ ಒಂದ ಪೈಸೆ ಫೀ ಬರಲಿಲ್ಲ. ಇದನ್ನೆಲ್ಲಾ ಕೇಳಿ ನಮ್ಮಪ್ಪ, "ಅಂದ್ರ ಇದು ಲಾವಣಿ ಹೊಲ ಇದ್ದಂಗ, ಲಾವಣಿ ಎಷ್ಟ ವರ್ಷ ಉಳದೈತಿ ಅಷ್ಟಕ್ಕ ರೇಟು, ಹೊಲದ ಮಣ್ಣಿಗಲ್ಲ" ಅಂದ್ರು. ಇದಕ್ಕಿಂತ ಚಂದ ನನಗ ಹೇಳಾಕ ಬರೂದಿಲ್ಲ.

ಇನ್ನ ಅವ್ರು ಮೊದಲ ಕೇಳಿದ ಪ್ರಶ್ನೆ. ಮಾರಾವಗ ಜರೂರತ್ ಐತೋ ಇಲ್ಲೋ.

ಬ್ಯಾಡಗ್ಯಾಗ ಮೆಣಸಿನಕಾಯಿ ತಂದು ಅಂಗಡಿ ಮುಂದ ಸುರುವಿದ ರೈತಗ ಮಗಳ ಮದುವಿ ಇರ್ತೈತಿ, ಸೊಸೈಟಿ ಸಾಲ ಇರ್ತೈತಿ, ಆಳಿನ ಪಗಾರ ಕೊಡೂದಿರ್ತೈತಿ, ಅವ ಟೆಂಡರಿನ್ಯಾಗ ಬಿದ್ದ ರೇಟಿಗೆ ಹೂಂ ಅನ್ನಲೇಬೇಕು. ಅದೇ ಕೈಯಾಗ ನಾಕ ದುಡ್ಡಿದ್ದಾವ ಮಾಲು ಒಯ್ದು ಕೋಲ್ಡ್ ಸ್ಟೋರೇಜಿನ್ಯಾಗ ಇಡ್ತಾನ, ಆರು ತಿಂಗಳು ಕಾಯ್ತಾನ. ಇಬ್ಬರದೂ ಅದೇ ಡಬ್ಬಿ ಕಾಯಿ, ಅದೇ ಬಣ್ಣ, ರೇಟು ಮಾತ್ರ ಬ್ಯಾರೆ. ಫುಟ್‌ಬಾಲಿನ ಸಣ್ಣ ಕ್ಲಬ್ಬುಗಳಿಗೆ ಇಂಥಾ ಕೋಲ್ಡ್ ಸ್ಟೋರೇಜ್ ಕೊಟ್ಟಿದ್ದು ಟಿವಿ ರೊಕ್ಕ. 1992ರಾಗ ಇಂಗ್ಲೆಂಡಿನ ಎಲ್ಲಕ್ಕಿಂತ ಮ್ಯಾಲಿನ ಲೀಗ್, ಪ್ರೀಮಿಯರ್ ಲೀಗ್, ಚಾಲೂ ಆದಾಗ ಐದ್ ವರ್ಷದ ಟಿವಿ ಹಕ್ಕಿಗೆ ಹೇಳಿದ ರೇಟ್ ಸುಮಾರು 30 ಕೋಟಿ ಪೌಂಡ್, 2016ರಿಂದ ಮೂರ ವರ್ಷಕ್ಕ ಬ್ರಿಟನ್ನಿನೊಳಗಿನ ಹಕ್ಕಿಗಷ್ಟ 513 ಕೋಟಿ ಪೌಂಡ್ ಆತು, ಬ್ಯಾರೆ ದೇಶದವ್ರು ಕೊಡೂದು ಇದರ ಮ್ಯಾಲ, ಅದರಾಗ ನಾವು ತಿಂಗಳಾ ತಿಂಗಳಾ ಕಟ್ಟೂ ರೊಕ್ಕನೂ ಬಂತು. ಆ ಹೊತ್ತಿನಿಂದ ಲೀಗಿನ್ಯಾಗ ಕಟ್ಟಾ ಕೊನಿಗೆ ನಿಂತು ಕೆಳಗ ಬಿದ್ದ ಕ್ಲಬ್ಬಿಗೂ ಆ ವರ್ಷ 10 ಕೋಟಿ ಪೌಂಡಿನ ಆಸುಪಾಸು ಬರ್ತೈತಿ. ಹೊಟ್ಟಿ ತುಂಬಿದವ ಯಾಕ ಅಗ್ಗಕ್ಕ ಮಾರ್ತಾನ? ಬ್ರೈಟನ್ ಕ್ಲಬ್ಬಿನವ್ರು 2021ರಾಗ ಎಕ್ವಡಾರ್ ದೇಶದಿಂದ ಮೊಯಿಸೆಸ್ ಕೈಸೆಡೊ ಅನ್ನೂ ಹುಡುಗನ್ನ ಸುಮಾರು 45 ಲಕ್ಷ ಪೌಂಡಿಗೆ ತಂದ್ರು, 2023ರ ಜನವರ್‍ಯಾಗ ದೊಡ್ಡ ಕ್ಲಬ್ಬು ಕೇಳಿದಾಗ ಕೊಡೂದಿಲ್ಲ ಅಂದ್ರು, ಹೊಸಾ ಕರಾರು ಬರಸ್ಕೊಂಡ್ರು, ಆಗಸ್ಟ್‌ದಾಗ ಚೆಲ್ಸಿಗೆ ಷರತ್ತಿನ ರೊಕ್ಕ ಸೇರಿ 11.5 ಕೋಟಿ ಪೌಂಡಿಗೆ ಕೊಟ್ರು. ಕಾಯಾಕ ತಾಕತ್ತಿದ್ದವ್ರು ಕಾದ್ರು, ಅಷ್ಟ.

ಇನ್ನೊಂದು ಬಾಜು ತಗೊಳ್ಳಾವ. ಅವನ ಕಿಸೆ ಎಷ್ಟ ದಪ್ಪ ಐತಿ, ಅದಕ್ಕಿಂತ ಹೆಚ್ಚು, ಅದು ದಪ್ಪ ಐತಿ ಅಂತ ಮಂದಿಗೆ ಗೊತ್ತೈತೋ ಇಲ್ಲೋ ಅನ್ನೂದು. ಮಾರ್ಕೆಟ್ನ್ಯಾಗ ಟೆಂಡರ್ ಹಾಕೂ ಮುಂದ ಒಬ್ಬನ ರೇಟ್ ಒಬ್ಬಗ ಕಾಣಬಾರದು ಅಂತ ಯಾಕ ಮಾಡ್ಯಾರ? ಯಾವ ಖರೀದಿದಾರಗ ದೊಡ್ಡ ಆರ್ಡರ್ ಬಂದೈತಿ, ಅವ ಇವತ್ತು ಮಾಲು ತುಂಬಿಸಲೇಬೇಕು ಅಂತ ಹೊರಗ ಬಿದ್ರ ಇಡೀ ಅಂಗಳದಾಗ ರೇಟ್ ಏರ್ತೈತಿ. 2017ರ ಆಗಸ್ಟ್‌ದಾಗ ಬಾರ್ಸಿಲೋನಾಕ್ಕ ಆಗಿದ್ದು ಇದ. ಸ್ಪೇನಿನ್ಯಾಗ ಆಟಗಾರನ ಕರಾರಿನ್ಯಾಗ ಒಂದು ಬಿಡುಗಡೆ ಮೊತ್ತ ಬರದಿರ್ತಾರ, ಅಷ್ಟ ರೊಕ್ಕ ತಂದಿಟ್ರ ಕ್ಲಬ್ ಬ್ಯಾಡ ಅನ್ನಾಂಗಿಲ್ಲ. ನೇಮಾರ್‌ಗ ಬರದಿದ್ದು 22.2 ಕೋಟಿ ಯೂರೋ, ಯಾರೂ ತರಂಗಿಲ್ಲ ಅಂತ ಬರದಿದ್ದು ಅದು. ಕತಾರ್ ದೇಶದ ರೊಕ್ಕ ಬೆನ್ನಿಗಿದ್ದ ಪಿಎಸ್‌ಜಿ ತಂದು ಇಡ್ತು. ಅದಕ್ಕ ಹಿಂದಿನ ವರ್ಷ ಪಾಲ್ ಪೊಗ್ಬಾನ 10.5 ಕೋಟಿ ಯೂರೋ ದಾಖಲೆ ಇತ್ತು, ಒಂದ ಏಟಿಗೆ ಎರಡ ಪಟ್ಟು ದಾಟಿಹೋತು. 2025ರ ಬೇಸಿಗೆ ಮುಗದ್ರೂ ಆ ದಾಖಲೆ ಯಾರೂ ಮುರದಿಲ್ಲ, ಯಾಕಂದ್ರ ಅದು ಮಾರ್ಕೆಟ್ ಹುಟ್ಟಿಸಿದ ರೇಟಾಗಿರಲಿಲ್ಲ, ಒಂದು ಸರ್ಕಾರ ಹಟ ತೊಟ್ಟು ಕೊಟ್ಟ ರೇಟಾಗಿತ್ತು.

ಈಗ ಬಾರ್ಸಿಲೋನಾ ಕೈಯಾಗ 22.2 ಕೋಟಿ, ಒಬ್ಬ ಆಟಗಾರ ಕಮ್ಮಿ, ಅಭಿಮಾನಿಗಳು ಸಿಟ್ಟಿನ್ಯಾಗ, ಮತ್ತ ಈ ಮೂರೂ ಜಗತ್ತಿಗೇ ಗೊತ್ತು. ಜರ್ಮನಿಯ ಡಾರ್ಟ್‌ಮುಂಡ್ ಕ್ಲಬ್ಬಿನವ್ರು ಒಂದ ವರ್ಷದ ಹಿಂದ ಸುಮಾರು 1.5 ಕೋಟಿ ಯೂರೋಕ್ಕ ತಂದಿದ್ದ ಉಸ್ಮಾನ್ ಡೆಂಬೆಲೆನ್ನ 10.5 ಕೋಟಿಗೆ ಕೊಟ್ರು, ಷರತ್ತಿನ ರೊಕ್ಕ ಮ್ಯಾಲಿಂದು. 2018ರ ಜನವರ್‍ಯಾಗ ಲಿವರ್‌ಪೂಲಿನವ್ರು ಫಿಲಿಪೆ ಕುಟಿನ್ಯೊನ್ನ ಷರತ್ತಿನ ರೊಕ್ಕ ಸೇರಿ 14.2 ಕೋಟಿ ಪೌಂಡಿನ ತನಕಾ ಕೂಡಿಸಿ ಕೊಟ್ರು, ಅವರು ಅವನ್ನ ತಂದಿದ್ದು 85 ಲಕ್ಷಕ್ಕ. ಇಲ್ಲಿ ತುಸು ನಿಲ್ರಿ, ಈ ಕುಟಿನ್ಯೊ ಕತಿ ನನಗ ಭಾಳ ಕಾಡ್ತೈತಿ. ಅದೇ ವರ್ಷ ಲಿವರ್‌ಪೂಲ್ ವಾನ್ ಡೈಕ್ ಅನ್ನೂ ಡಿಫೆಂಡರ್‌ಗ 7.5 ಕೋಟಿ ಪೌಂಡ್ ಕೊಡ್ತು, ಆಲಿಸನ್ ಅನ್ನೂ ಗೋಲ್‌ಕೀಪರನ್ನ ತಂತು, 2019ರ ಚಾಂಪಿಯನ್ಸ್ ಲೀಗ್ ಸೆಮಿಫೈನಲ್ಲಿನ್ಯಾಗ ಬಾರ್ಸಿಲೋನಾ ಮೊದಲ ಮ್ಯಾಚ್ 3-0 ಗೆದ್ದ ಮ್ಯಾಲ ತನ್ನ ಮೈದಾನ ಆನ್‌ಫೀಲ್ಡ್‌ನ್ಯಾಗ 4-0 ಹೊಡೀತು, ಕಪ್ಪನ್ನೂ ತಗೊಂಡು ಹೋತು. ಕುಟಿನ್ಯೊ ಅವತ್ತು ಬಾರ್ಸಿಲೋನಾ ಜರ್ಸಿ ಹಾಕ್ಕೊಂಡು ಅದೇ ಮೈದಾನದಾಗಿದ್ದ. ಅದೇ ವರ್ಷದ ಆಗಸ್ಟ್‌ದಾಗ ಬಾರ್ಸಿಲೋನಾ ಅವನ್ನ ಜರ್ಮನಿಯ ಬಾಯರ್ನ್ ಕ್ಲಬ್ಬಿಗೆ ಆಡಾಕ ಸಾಲ ಕೊಟ್ಟಿತ್ತು, 2020ರ ಆಗಸ್ಟ್‌ದಾಗ ಬಾಯರ್ನ್ ಬಾರ್ಸಿಲೋನಾನ್ನ 8-2ರಿಂದ ಸೋಲಸ್ತು, ಅದರಾಗ ಎರಡ ಗೋಲ್ ಕುಟಿನ್ಯೊಂದ. ಆ ಹುಡುಗ ಕೆಟ್ಟ ಆಟಗಾರ ಅಂತ ಯಾವತ್ತೂ ಅಲ್ಲ. ಅವನ ಬೆನ್ನ ಮ್ಯಾಲ ಒಂದು ಕ್ಲಬ್ಬಿನ ಗಾಬರಿ ಹೊರಿಸಿದ್ರು. ಹಂಗ ಹೊರಿಸ್ಕೋತ ಹೋದ ಬಾರ್ಸಿಲೋನಾದ ಸಾಲ 2021ಕ್ಕ 100 ಕೋಟಿ ಯೂರೋ ದಾಟಿತ್ತು, ಕಡಿಗೆ ಮೆಸ್ಸಿಯಂಥಾ ಮನಿ ಮಗನಿಗೂ ಹೊಸಾ ಕರಾರು ಬರಕೊಡಾಕ ಆಗಲಿಲ್ಲ, ಅವ ಅತ್ಗೋತ ಹೋದ.

ಒಬ್ಬರು ಕೊಟ್ಟ ರೊಕ್ಕ ಮುಂದಿನವ್ರ ರೇಟ್ ಏರಸ್ತೈತಿ, ಅದು ಅಲ್ಲಿಗೆ ನಿಲ್ಲೂದಿಲ್ಲ. ಇಸಾಕನ ಸರಪಳಿನ ನೋಡ್ರಿ. ನ್ಯೂಕ್ಯಾಸಲ್‌ನವ್ರು ಆಗಸ್ಟ್‌ದಾಗ ಲಿವರ್‌ಪೂಲಿನ 11 ಕೋಟಿ ಪೌಂಡ್ ಬ್ಯಾಡ ಅಂದಿದ್ರು, ಇಸಾಕ್ ಆಡಾಂಗಿಲ್ಲ ಅಂತ ಕುಂತ, ಅವನ ಬದಲಿ ಒಬ್ಬ ಸ್ಟ್ರೈಕರ್ ಸಿಗೂ ತನಕಾ ಕೈ ಬಿಡಾಕ ತಯಾರಿರಲಿಲ್ಲ. ವಿಂಡೋ ಮುಚ್ಚಾಕ ನಾಕ ದಿನ ಐತಿ ಅನ್ನೂದ್ರಾಗ ಜರ್ಮನಿಯ ಸ್ಟುಟ್‌ಗಾರ್ಟ್‌ಗ ಹೋದ್ರು. ಅಲ್ಲಿ ನಿಕ್ ವೊಲ್ಟೆಮಾಡೆ ಅನ್ನಾವ ಇದ್ದ, ಒಂದ ವರ್ಷದ ಹಿಂದಷ್ಟ ಕರಾರು ಮುಗಿಸಿ ಪುಕ್ಕಟೆ ಆ ಕ್ಲಬ್ಬಿಗೆ ಬಂದಾವ. ಅವನಿಗೆ ಬಿದ್ದಿದ್ದು ಸುಮಾರು 6.9 ಕೋಟಿ ಪೌಂಡ್. ಪುಕ್ಕಟೆ ಬಂದಾವ ಒಂದ ವರ್ಷದಾಗ ಅಷ್ಟ ಆಗಾಕ ಅವನ ಆಟ ಎಷ್ಟ ಕಾರಣೋ, ನ್ಯೂಕ್ಯಾಸಲ್‌ನವ್ರ ಅವಸರ ಅಷ್ಟ ಕಾರಣ. ಅವಸರದಾಗ ತಗೊಂಡಿದ್ದಕ್ಕ ನನಗ ಎದಿ ಚುರ್ ಅನ್ನಿಸೂ ಉದಾಹರಣಿ ಇನ್ನೊಂದೈತಿ, 2022ರಾಗ ಮ್ಯಾಂಚೆಸ್ಟರ್ ಯುನೈಟೆಡ್ ಮೊದಲ ಎರಡು ಮ್ಯಾಚ್ ಸೋತು, ಬ್ರೆಂಟ್‌ಫರ್ಡ್ ಕೈಲೆ 4-0 ತಿಂದು, ಆಗಸ್ಟ್ ಕಡಿಗೆ ನೆದರ್ಲ್ಯಾಂಡ್ಸಿನ ಅಯಾಕ್ಸ್ ಕ್ಲಬ್ಬಿನ ಬಾಗಲಕ್ಕ ಹೋಗಿ ಆಂಟನಿ ಅನ್ನೂ ಬ್ರೆಜಿಲ್ ಹುಡುಗಗ 9.5 ಕೋಟಿ ಯೂರೋ ಕೊಡ್ತು. ಅಲ್ಲಿಂದ ಮುಂದ ಮೂರ ವರ್ಷ ಆ ಹುಡುಗನ್ನ ಜಗತ್ತೆಲ್ಲಾ ಆಡ್ಕೊಂಡ್ತು, ನಮ್ಮ ಹುಬ್ಬಳ್ಳಿ ಚಹಾದಂಗಡ್ಯಾಗೂ ಆಡ್ಕೊಂಡ್ರು, ನಾ ಕಿವಿಯಾರೆ ಕೇಳೇನಿ. 2025ರಾಗ ಸ್ಪೇನಿನ ಬೆಟಿಸ್ ಕ್ಲಬ್ಬಿಗೆ ಹೋದ ಮ್ಯಾಲ ಅದೇ ಹುಡುಗ ಅರಳಿದ, ಆ ಕ್ಲಬ್ಬನ್ನ ಯುರೋಪಿನ ಕಾನ್ಫರೆನ್ಸ್ ಲೀಗ್ ಫೈನಲ್ ತನಕಾ ಒಯ್ಯೂದ್ರಾಗ ಕೈ ಹಚ್ಚಿದ. ಕಾಲು ಅವೇ, ರೇಟಿನ ಚೀಟಿ ಬೆನ್ನಿಂದ ಇಳದಿತ್ತು.

ಇಲ್ಲಿಗೆ ಅಳಿಯಾ ಕೇಳಿದ, "ಅಲ್ಲ ಮಾಮಾ, ಅಷ್ಟ ರೊಕ್ಕ ಒಂದ ಸಲ ಎಲ್ಲಿಂದ ತರ್ತಾರ?" ಇದು ಲೆಕ್ಕದ ಪುಸ್ತಕದ ಮಾತು, ನಮ್ಮಪ್ಪ ಕುರ್ಚಿ ಮುಂದ ಎಳ್ಕೊಂಡ್ರು. ಮೊದಲ, ರೊಕ್ಕ ಹೆಚ್ಚಾಗಿ ಕಂತಿನ್ಯಾಗ ಹೋಗ್ತೈತಿ, ವರ್ಷಕ್ಕಿಷ್ಟ ಅಂತ. ಅದಕ್ಕಿಂತ ದೊಡ್ಡ ಸಂಗತಿ ಸವಕಳಿ. ನೀವು ಟ್ರ್ಯಾಕ್ಟರ್ ತಗೊಂಡ್ರ ಇಡೀ ರೊಕ್ಕ ಅದೇ ವರ್ಷದ ಖರ್ಚು ಅಂತ ಬರಿಯೂದಿಲ್ಲ, ಅದು ಎಷ್ಟ ವರ್ಷ ದುಡಿತೈತಿ ಅಷ್ಟ ವರ್ಷಕ್ಕ ಹಂಚಿ ಬರಿತೀರಿ. ಫುಟ್‌ಬಾಲ್ ಕ್ಲಬ್ಬುಗಳು ಆಟಗಾರನ ಫೀನ ಅವನ ಕರಾರಿನ ವರ್ಷಕ್ಕ ಹಂಚ್ತಾವ. 100ಕ್ಕ ತಂದು ಐದ್ ವರ್ಷ ಬರಸ್ಕೊಂಡ್ರ ವರ್ಷಕ್ಕ 20. ಈಗ ಚೆಲ್ಸಿಯವ್ರು ಏನ್ ಮಾಡಿದ್ರು ಅಂದ್ರ, 2022ರಾಗ ಹೊಸಾ ಅಮೆರಿಕದ ಮಾಲಕ್ರು ಬಂದ ಮ್ಯಾಲ, ಎಂಝೊ ಫರ್ನಾಂಡಿಸ್‌ಗ 10.68 ಕೋಟಿ ಪೌಂಡ್ ಕೊಟ್ಟು ಎಂಟೂವರೆ ವರ್ಷದ ಕರಾರು ಬರಸ್ಕೊಂಡ್ರು. ಐದ್ ವರ್ಷಕ್ಕ ಹಂಚಿದ್ರ ವರ್ಷಕ್ಕ 2.1 ಕೋಟಿ ಬೀಳೂದು, ಎಂಟೂವರೆಗೆ ಹಂಚಿದ್ರ 1.26 ಕೋಟಿಗೆ ಇಳೀತು. ಹಿಂಗ ಒಬ್ಬನ ಜಾಗಾದಾಗ ಇಬ್ಬರ ಲೆಕ್ಕ ಕುಂದ್ರಸಾಕ ಬರ್ತೈತಿ, ಕೈಯಾಗಿನ ರೊಕ್ಕ ಹೆಚ್ಚಾಗದ ಖರೀದಿ ಮಾಡೂ ಧೈರ್ಯ ಹೆಚ್ಚಾಗ್ತೈತಿ, ಧೈರ್ಯ ಹೆಚ್ಚಾದ್ರ ರೇಟ್ ಹೆಚ್ಚಾಗ್ತೈತಿ. ಅದನ್ನ ನೋಡಿ ಯುರೋಪಿನ ಸಂಸ್ಥೆ ಯುಇಎಫ್‌ಎ 2023ರಿಂದ ಮುಂದಿನ ಕರಾರುಗಳಿಗೆ, ಎಷ್ಟ ಉದ್ದ ಬರಸ್ಕೊಂಡ್ರೂ ಲೆಕ್ಕ ಐದ್ ವರ್ಷಕ್ಕಷ್ಟ ಹಂಚ್ರಿ ಅಂತು, ಪ್ರೀಮಿಯರ್ ಲೀಗೂ ಅದನ್ನ ಒಪ್ಕೊಂಡ್ತು.

ಮಾರೂದ್ರ ಲೆಕ್ಕ ಇನ್ನೂ ಬ್ಯಾರೆ. ಐದ್ ವರ್ಷದ ಕರಾರಿಗೆ 50ಕ್ಕ ತಂದ ಆಟಗಾರ ಮೂರ ವರ್ಷ ಆಡಿದ, ಪುಸ್ತಕದಾಗ ಅವನ ಬಾಕಿ 20, ಈಗ 40ಕ್ಕ ಮಾರಿದ್ರ? ಕಣ್ಣಿಗೆ 10 ಲುಕ್ಸಾನು, ಪುಸ್ತಕಕ್ಕ 20 ಲಾಭ, ಅದೂ ಇಡೀ ಲಾಭ ಅದೇ ವರ್ಷಕ್ಕ ಬರ್ಕೋತಾರ. ಖರ್ಚು ಐದ್ ವರ್ಷಕ್ಕ, ಗಳಿಕಿ ಇವತ್ತಿಗೆ. ಎಲ್ಲಾ ಕ್ಲಬ್ಬುಗಳು ಏಕದಂ ದೊಡ್ಡ ದೊಡ್ಡ ರೇಟಿಗೆ ಕೊಳ್ಳೂದು ಮಾರೂದು ಎರಡೂ ಮಾಡಾಕ ಹುರುಪು ಯಾಕ ಅಂತ ಈಗ ತಿಳೀತಲ್ಲ. ಇಟಲಿದಾಗ ಯುವೆಂಟಸ್ ಕ್ಲಬ್ಬಿಗೆ ಆಟಗಾರರ ಅದಲು-ಬದಲಿನ್ಯಾಗ ಲಾಭ ಉಬ್ಬಿಸಿ ಬರದಿದ್ದಕ್ಕ 2023ರಾಗ ಮೊದಲ 15 ಪಾಯಿಂಟ್ ಕಡದ್ರು, ಆಮ್ಯಾಲ ಅದನ್ನ 10 ಮಾಡಿದ್ರು.

ಈ ಲೆಕ್ಕದಾಗ ನನಗ ಎಲ್ಲಕ್ಕಿಂತ ನೋವಾಗೂದು ಮನಿ ಹುಡುಗ್ರ ವಿಷಯ. ಕ್ಲಬ್ಬಿನ ಅಕಾಡೆಮ್ಯಾಗ ಬೆಳದ ಹುಡುಗಗ ಫೀ ಕೊಟ್ಟಿರೂದಿಲ್ಲ, ಪುಸ್ತಕದಾಗ ಅವನ ಕಿಮ್ಮತ್ತು ಸೊನ್ನೆ, ಅವನ್ನ ಮಾರಿದ್ರ ಬಂದಿದ್ದೆಲ್ಲಾ ನಿವ್ವಳ ಲಾಭ. ಪ್ರೀಮಿಯರ್ ಲೀಗಿನ್ಯಾಗ 2025-26ರ ಸೀಜನ್ ತನಕಾ, ಮೂರ ವರ್ಷಕ್ಕ ಹೆಚ್ಚಂದ್ರ 10.5 ಕೋಟಿ ಪೌಂಡ್ ಲುಕ್ಸಾನು ಮಾಡಬಹುದು ಅಂತ ನಿಯಮ ಇತ್ತು, ಅದನ್ನ ಮೀರಿದ್ದಕ್ಕ ಎವರ್ಟನ್‌ಗ 2023ರಾಗ 10 ಪಾಯಿಂಟ್ ಕಡದು ಅಪೀಲಿನ್ಯಾಗ 6ಕ್ಕ ಇಳಿಸಿದ್ರು, ನಾಟಿಂಗ್‌ಹ್ಯಾಮ್ ಫಾರೆಸ್ಟಿಗೆ 4. ನಿಯಮ ಮಾಡಿದ್ದು ಕ್ಲಬ್ಬು ದಿವಾಳಿ ಆಗಬಾರದು ಅಂತ, ಒಳ್ಳೆ ಮನಸ್ಸಿಂದ. ಆದ್ರ ಜೂನ್ 30ಕ್ಕ ಮುಗಿಯೂ ವರ್ಷದ ಲೆಕ್ಕ ಸರಿ ಮಾಡಾಕ ಕ್ಲಬ್ಬುಗಳು ಮೊದಲ ಕೈ ಹಾಕ್ತಿದ್ದದ್ದು ಮನಿ ಹುಡುಗಗ. 2024ರ ಜೂನ್ ಕಡಿಗೆ ನ್ಯೂಕ್ಯಾಸಲ್‌ನವ್ರು ಎಲಿಯಟ್ ಆಂಡರ್ಸನ್‌ನ್ನ ಹಂಗ ಫಾರೆಸ್ಟಿಗೆ ಕೊಟ್ರು, ಆ ಸೀಮಿದ ಹುಡುಗ, ಸಣ್ಣಾಂವ ಇದ್ದಾಗಿಂದ ಅದೇ ಕ್ಲಬ್ಬಿನ್ಯಾಗ ಬೆಳದಾವ, ಮಂದಿ ಅವನ್ನ ನಮ್ಮವ ಅಂತಿದ್ರು. ಮನಿ ಎಮ್ಮಿ ಹಾಲು ಡೈರಿಗೆ ಹಾಕಿ ಮಕ್ಕಳಿಗೆ ಪಾಕೀಟ್ ಹಾಲು ತರೂದು ಅಂತಾರಲ್ಲ, ಹಂಗ.

ಇಷ್ಟೆಲ್ಲಾ ಹೇಳಿದ ಮ್ಯಾಲೂ, ರೇಟ್ ಉಬ್ಬ್ಯಾವೇನು ಅಂತ ಕೇಳಿದ್ರ ನನ್ನ ಉತ್ತರ, ಅರ್ಧ ಹೌದು. ಟಿವಿ ರೊಕ್ಕದಿಂದ ಕ್ಲಬ್ಬುಗಳ ಗಳಿಕಿ ಏರಿದಷ್ಟು ಫೀನೂ ಏರೇತಿ ಅಂದ್ರ ಅದು ಉಬ್ಬಿದ್ದಲ್ಲ, ಊರಾಗ ಕೂಲಿ ಏರಿದಂಗ ಹೊಲದ ರೇಟ್ ಏರೂದು ಸಹಜ. ಉಬ್ಬಿರೂದು ಅದರ ಮ್ಯಾಲಿಂದು, ಲಾಭದ ಹಂಗಿಲ್ಲದ ರೊಕ್ಕ. 2003ರಾಗ ಚೆಲ್ಸಿಗೆ ರಷ್ಯಾದ ಅಬ್ರಮೊವಿಚ್ ಬಂದ, 2008ರಾಗ ಮ್ಯಾಂಚೆಸ್ಟರ್ ಸಿಟಿಗೆ ಅಬುಧಾಬಿ, 2011ರಾಗ ಪಿಎಸ್‌ಜಿಗೆ ಕತಾರ್, 2021ರಾಗ ನ್ಯೂಕ್ಯಾಸಲ್‌ಗ ಸೌದಿಯ ಸರ್ಕಾರಿ ನಿಧಿ, 2023ರಾಗ ಅದೇ ನಿಧಿ ಸೌದಿದಾಗಿನ ನಾಕ ಕ್ಲಬ್ಬು ತಗೊಂಡ್ತು. ಇವರಿಗೆ ಆಟಗಾರನಿಂದ ವಸೂಲಿ ಆಗೂದು ಟಿಕೆಟ್ ರೊಕ್ಕ ಅಲ್ಲ, ಹೆಸರು. ನಮ್ಮ ಹಾವೇರಿ ಕಡೆ ಹೋರಿ ಹಬ್ಬದಾಗ ಹೆಸರು ಮಾಡಿದ ಹೋರಿಗೆ ಲಕ್ಷಾನುಗಟ್ಟಲೆ ಕೊಡ್ತಾರ, ಅದು ನೇಗಿಲಾ ಎಳೀತೈತಿ ಅಂತಲ್ಲ, ಅಖಾಡದಾಗ ಅದು ಓಡಿದಾಗ ಮೈಕಿನ್ಯಾಗ ಮನಿತನದ ಹೆಸರು ಕೂಗ್ತಾರ ಅಂತ. ಅದು ತಪ್ಪಂತ ನಾ ಅನ್ನೂದಿಲ್ಲ, ನಮ್ಮ ಮಂದಿಯ ಪ್ರೀತಿ ಅದು. ಆದ್ರ ಆ ರೇಟನ್ನ ಹಿಡ್ಕೊಂಡು ಉಳುವ ಎತ್ತಿನ ರೇಟ್ ಏರಸಾಕ ಹತ್ತಿದ್ರ ಸಣ್ಣ ರೈತ ಏನ್ ಮಾಡಬೇಕು? ಯುರೋಪಿನ ನಡುವಿನ ಕ್ಲಬ್ಬುಗಳಿಗೆ ಆಗಿದ್ದು ಅದ. 2019ರಾಗ ಅಯಾಕ್ಸ್ ತನ್ನ ಹುಡುಗ್ರನ್ನ ಕಟ್ಕೊಂಡು ಚಾಂಪಿಯನ್ಸ್ ಲೀಗ್ ಸೆಮಿಫೈನಲ್ ತನಕಾ ಹೋತು, ಫೈನಲ್ಲಿಗೆ ಒಂದ ಮಿನಿಟು ಕಮ್ಮಿ ಬಿತ್ತು, ಆ ಬೇಸಿಗ್ಯಾಗ ಡಿ ಯಾಂಗ್ ಬಾರ್ಸಿಲೋನಾಕ್ಕ, ಡಿ ಲಿಖ್ತ್ ಯುವೆಂಟಸ್‌ಗ, ಒಬ್ಬೊಬ್ಬಗ 7.5 ಕೋಟಿ ಯೂರೋ. ಕ್ಲಬ್ಬಿಗೆ ರೊಕ್ಕ ಬಂತು ಖರೆ, ಆ ತಂಡ ಮತ್ತ ಕಣ್ಣಿಗೆ ಬೀಳಲಿಲ್ಲ. ಏಜೆಂಟ್‌ಗಳ ಮಾತಂತೂ ಕೇಳಬ್ಯಾಡ್ರಿ, 2023ರಾಗ ದೇಶ ದಾಟಿದ ಟ್ರಾನ್ಸ್‌ಫರ್‌ಗಳಿಗೆ ಜಗತ್ತಿನ ಕ್ಲಬ್ಬುಗಳು ಸುಮಾರು 960 ಕೋಟಿ ಡಾಲರ್ ಸುರುವಿದಾಗ ದಲಾಲಿನ ಹತ್ರ ಹತ್ರ 90 ಕೋಟಿ ಡಾಲರ್ ಆಗಿತ್ತು. "ನಮ್ಮ ಮಾರ್ಕೆಟ್ನ್ಯಾಗೂ ಇಷ್ಟ ದಲಾಲಿ ಇರಲಿಲ್ಲ" ಅಂದ್ರು ನಮ್ಮಪ್ಪ.

ಈ ಹೊಳ್ಯಾಗಿಂದ ಒಂದು ಸಣ್ಣ ಕಾಲುವಿ ಕೆಳಗ ಹರೀತೈತಿ, ಅದು ನಮ್ಮ ಮಂದಿಗೆ ಗೊತ್ತಿಲ್ಲ, ನನಗ ಹೇಳಬೇಕಿದ್ದು ಮುಖ್ಯ ಇದ. ಜಗತ್ತಿನ ಫುಟ್‌ಬಾಲ್ ಸಂಸ್ಥೆ ಫಿಫಾದ ನಿಯಮದ ಪ್ರಕಾರ, ಕರಾರು ಇರೂ ಆಟಗಾರ ಒಂದ ದೇಶದಿಂದ ಇನ್ನೊಂದ ದೇಶದ ಕ್ಲಬ್ಬಿಗೆ ಫೀ ಮ್ಯಾಲ ಹೋದ್ರ, ಆ ಫೀದಾಗ ನೂರಕ್ಕ 5 ತಗದು, ಅವ 12ರಿಂದ 23ನೇ ವಯಸ್ಸಿನ ತನಕಾ ಎಲ್ಲೆಲ್ಲಿ ಕಲ್ತಾನೋ ಆ ಕ್ಲಬ್ಬುಗಳಿಗೆ ಹಂಚಬೇಕು. 12ರಿಂದ 15ರ ತನಕಾ ಒಂದೊಂದು ವರ್ಷಕ್ಕ ಫೀನ ಕಾಲು ಪರ್ಸೆಂಟು, 16ರಿಂದ 23ರ ತನಕಾ ವರ್ಷಕ್ಕ ಅರ್ಧ ಪರ್ಸೆಂಟು. ಅಂದ್ರ ಒಂದು ಸಣ್ಣ ಊರಿನ ಕ್ಲಬ್ಬು ಹುಡುಗನ್ನ 12ರಿಂದ 15ರ ತನಕಾ ನಾಕ ವರ್ಷ ಸಾಕಿದ್ರ, ಅವ ಎಂದಾದ್ರೂ 100 ಕೋಟಿಗೆ ಹೋದಾಗ ಅವ್ರಿಗೆ 1 ಕೋಟಿ. 2022ರಿಂದ ಇದನ್ನ ಹಂಚೂದಕ್ಕಂತ ಪ್ಯಾರಿಸ್‌ನ್ಯಾಗ ಫಿಫಾದ ಒಂದು ಕ್ಲಿಯರಿಂಗ್ ಹೌಸ್ ಮಾಡ್ಯಾರ, ಹುಡುಗನ ನೋಂದಣಿ ದಾಖಲೆ ನೋಡಿ ಅದು ಪಾಲು ಹಾಕ್ತೈತಿ.

ನೋಂದಣಿ. ಇಲ್ಲೇ ನಾವು ಕೈ ಬಿಡ್ತೇವಿ. ನಮ್ಮ ಓಣಿ ಹಿಂದಿನ ಮೈದಾನದಾಗ ರೈಲ್ವೆದಾಗ ದುಡದು ರಿಟೈರ್ ಆದ ಒಬ್ಬ ಹಿರ್ಯಾರು ಇಪ್ಪತ್ತ ವರ್ಷದಿಂದ ಮುಂಜಾನೆ ಐದೂವರೆಗೆ ಹುಡುಗ್ರಿಗೆ ಆಟ ಕಲಸ್ತಾರ, ಒಂದ ರೂಪಾಯಿ ತಗೊಳ್ಳೂದಿಲ್ಲ, ಬಾಲಿಗೆ ಗಾಳಿ ಹಾಕೂ ಪಂಪ್ ಸುದ್ದಾ ಅವರ ಪೆನ್ಶನ್ನಿಂದು. ಅವ್ರ ಕಡೆ ಕಲ್ತ ಹುಡುಗ್ರು ಬೆಂಗಳೂರಿನ ಅಕಾಡೆಮಿಗೆ ಹೋಗ್ಯಾರ, ಗೋವಾಕ್ಕ ಹೋಗ್ಯಾರ. ಅವ್ರ ಕಡೆ ಒಂದು ರಟ್ಟಿನ ನೋಟ್‌ಬುಕ್ ಐತಿ, ಅದರಾಗ ಎಲ್ಲಾ ಹುಡುಗ್ರ ಹೆಸರೂ ಅದಾವ, ಯಾವ ಕಾಲಿಲೆ ಒದೀತಾನ ಅನ್ನೂದು ಸುದ್ದಾ ಬರದೈತಿ. ಆದ್ರ ರಾಜ್ಯ ಸಂಸ್ಥೆಗೆ ಸೇರಿದ ಕ್ಲಬ್ಬಿನ ಹೆಸರಿನ್ಯಾಗ, ಅಖಿಲ ಭಾರತ ಫೆಡರೇಶನ್ನಿನ ಸಿಆರ್‌ಎಸ್ ಅನ್ನೂ ಆನ್‌ಲೈನ್ ನೋಂದಣ್ಯಾಗ ಒಬ್ಬ ಹುಡುಗಂದೂ ಇಲ್ಲ. ಕಾಗದದ ಮ್ಯಾಲ ಆ ಹುಡುಗ್ರು ಹದಿನಾರನೇ ವರ್ಷಕ್ಕ ಬೆಂಗಳೂರಿನ್ಯಾಗ ಹುಟ್ಟಿದಂಗ. ಇವರ್‍ಯಾರೂ 1,480 ಕೋಟಿಗೆ ಹೋಗ್ತಾರ ಅಂತ ನಾ ಹೇಳಾಕತ್ತಿಲ್ಲ. ಒಬ್ಬ ನಾಳೆ ಬ್ಯಾರೆ ದೇಶದ ಸಣ್ಣ ಕ್ಲಬ್ಬಿಗೆ 1 ಕೋಟಿ ರೂಪಾಯಿಗೆ ಹೋದ ಅಂತ ಇಟ್ಕೊಳ್ರಿ, ನಾಕ ವರ್ಷದ ಪಾಲು 1 ಲಕ್ಷ. ಆ ಮೈದಾನಕ್ಕ 1 ಲಕ್ಷ ಅಂದ್ರ ಎರಡೂ ಬಾಜು ಗೋಲ್‌ಪೋಸ್ಟು, ನೆಟ್ಟು, ಎರಡ ವರ್ಷದ ಬಾಲು.

ಅಳಿಯಾ ಮರುದಿನ ಮುಂಜಾನೆ ನಿದ್ದಿಗಣ್ಣಿಲೆ ನನ್ನ ಜೋಡಿ ಮೈದಾನಕ್ಕ ಬಂದ. ಹಿರ್ಯಾರಿಗೆ ಎಲ್ಲಾ ಬಿಡಿಸಿ ಹೇಳಿದ್ವಿ, ಅವ್ರು ಭಾಳೊತ್ತು ಸುಮ್ಮನ ಕೇಳಿದ್ರು, ಆಮ್ಯಾಲ ಆ ನೋಟ್‌ಬುಕ್ ತಂದು ಅವನ ಕೈಯಾಗ ಕೊಟ್ರು. ಈಗ ಧಾರವಾಡದ ನೋಂದಾಯಿತ ಕ್ಲಬ್ಬೊಂದರ ಜೋಡಿ ಮಾತು ನಡದೈತಿ, ಅಳಿಯಾ ದಿನಾ ಸಂಜಿಕೆ ಕುಂತು ಹನ್ನೆರಡು ತುಂಬಿದ ಹುಡುಗ್ರ ಹೆಸರು ಲ್ಯಾಪ್‌ಟಾಪಿನ್ಯಾಗ ಏರಸಾಕತ್ತಾನ. ಮೊದಲ ಹುಡುಗಂದೇ ತೊಡಕು ಬಂದೈತಿ, ಹುಟ್ಟಿದ ತಾರೀಖು ಆಧಾರಿನ್ಯಾಗ ಒಂದು, ಸಾಲಿ ದಾಖಲ್ಯಾಗ ಇನ್ನೊಂದು, ಅವನ ಅವ್ವ ಗುರುವಾರ ಕೂಲಿ ಬಿಟ್ಟು ದಾಖಲೆ ತಗೊಂಡು ಬರ್ತೇನಂದಾಳ.